ಶಾಲಾ ಆವರಣಗಳ ಜೀವವೈವಿಧ್ಯ ವರ್ಧನೆ

ಶಾಲೆಯ ಕಟ್ಟಡದ ಸುತ್ತಲಿನ ನೆಲದಲ್ಲಿ ಆ ಪ್ರದೇಶಕ್ಕೆ ಸಹಜವಾದ ಗಿಡಮರ, ಕೀಟ, ಹಕ್ಕಿ, ಕಪ್ಪೆ ಮತ್ತು ಮಣ್ಣಿನ ಜೀವಿಗಳು ನೆಲೆಸಿ ಸಂತಾನವನ್ನು ಬೆಳೆಸಲು ಅನುಕೂಲವಾಗುವಂತೆ ಆವಾಸವನ್ನು ರೂಪಿಸಿ, ಅದರ ಪಾಲನೆಯನ್ನು ಪಾಠಕ್ರಮದೊಂದಿಗೆ ಹೊಂದಿಸಿ ಮುಂದುವರಿಸಿಕೊಂಡು ಹೋಗುವ ಯೋಜಿತ ಕಾರ್ಯವನ್ನು ಶಾಲಾ ಆವರಣಗಳ ಜೀವವೈವಿಧ್ಯ ವರ್ಧನೆ ಎನ್ನುತ್ತಾರೆ. ಸಸಿ ನೆಡುವುದು ಇದರ ಒಂದು ಅಂಗ ಮಾತ್ರ. ಆಹಾರ, ನೀರು, ಆಸರೆ ಮತ್ತು ಮರಿ ಮಾಡಲು ತಕ್ಕ ಎಡೆ ಎಂಬ ನಾಲ್ಕನ್ನೂ ಒಂದೇ ಜಾಗದಲ್ಲಿ ಒದಗಿಸುವುದು ಮತ್ತು ಅವು ಕೆಡದಂತೆ ಕಾಯುವುದು ಇದರ ತಿರುಳು. ಈ ಲೇಖನ ಅಮೆರಿಕ ಸಂಯುಕ್ತ ಸಂಸ್ಥಾನದ ಡೆಟ್ರಾಯ್ಟ್ ಮತ್ತು ಷಿಕಾಗೊ ಪ್ರದೇಶಗಳಲ್ಲಿ, ಮುಖ್ಯವಾಗಿ ಡೆಟ್ರಾಯ್ಟ್ ನಗರದ ಪಶ್ಚಿಮಕ್ಕಿರುವ ಲಿವೋನಿಯಾದ ಪರಿಸರದಲ್ಲಿ, ಈ ಕಾರ್ಯದ ಹಿನ್ನೆಲೆ, ವಿಧಾನ ಮತ್ತು ಸ್ಥಿತಿಗತಿಗಳನ್ನು ನಿರೂಪಿಸಿ, ಕೊನೆಯಲ್ಲಿ ಕರ್ನಾಟಕದ ಶಾಲೆಗಳಿಗೆ ಸಂಬಂಧಿಸಿದ ಹೋಲಿಕೆಯನ್ನು ಕೊಡುತ್ತದೆ.

ಪರಿಭಾಷೆ

ಒಂದು ಪ್ರದೇಶದಲ್ಲಿರುವ ಜೀವಿಗಳ ಪ್ರಭೇದಗಳು, ಪ್ರತಿ ಪ್ರಭೇದದೊಳಗಿನ ತಳಿಭೇದಗಳು ಮತ್ತು ಅವು ವಾಸಿಸುವ ಪರಿಸರ ವ್ಯವಸ್ಥೆಗಳ ಒಟ್ಟು ವೈವಿಧ್ಯವೇ ಜೀವವೈವಿಧ್ಯ. ಜೀವಿಯೊಂದು ಬದುಕಿ ಸಂತತಿಯನ್ನು ಮುಂದುವರಿಸುವ ಸಹಜ ನೆಲೆಗೆ ಆವಾಸ ಎಂದು ಹೆಸರು. ಮನುಷ್ಯರು ಬೇರೆಡೆಯಿಂದ ತಂದದ್ದಾಗಿರದೆ, ಆ ನಾಡಿನ ಮಣ್ಣು, ಹವೆ ಮತ್ತು ಪ್ರಾಣಿಗಳೊಂದಿಗೆ ದೀರ್ಘಕಾಲದಿಂದ ಹೊಂದಿಕೊಂಡು ಬೆಳೆದ ಸಸ್ಯವನ್ನು ಸ್ಥಳೀಯ ಸಸ್ಯ ಎಂದು ಕರೆಯಲಾಗುತ್ತದೆ. ಹೊರಗಿನಿಂದ ಬಂದು, ಲಗಾಮಿಲ್ಲದೆ ಹರಡಿ, ಸ್ಥಳೀಯ ಸಸ್ಯಗಳ ಜಾಗವನ್ನು ಕಸಿದುಕೊಳ್ಳುವುದು ಆಕ್ರಮಣಕಾರಿ ಸಸ್ಯ. ಕೀಟವೊಂದರ ಮರಿಹುಳು ಯಾವ ಸಸ್ಯದ ಎಲೆಯನ್ನು ತಿಂದು ಬೆಳೆಯಬಲ್ಲದೋ ಅದು ಆ ಕೀಟದ ಆತಿಥೇಯ ಸಸ್ಯ. ಹೂವಿನಿಂದ ಹೂವಿಗೆ ಪರಾಗವನ್ನು ಸಾಗಿಸುವ ಜೇನ್ನೊಣ, ಚಿಟ್ಟೆ, ಜೀರುಂಡೆ ಮೊದಲಾದವು ಪರಾಗಸ್ಪರ್ಶಕಗಳು. ಈ ಲೇಖನದಲ್ಲಿ ಹುಲ್ಲುಹಾಸು ಎಂಬ ಪದವನ್ನು ಒಂದೆರಡು ಜಾತಿಯ ಹುಲ್ಲನ್ನು ಒತ್ತಾಗಿ ಬೆಳೆಸಿ, ಯಂತ್ರದಿಂದ ಮತ್ತೆ ಮತ್ತೆ ಮಟ್ಟವಾಗಿ ಕತ್ತರಿಸುವ ನೆಲಕ್ಕೆ ಬಳಸಲಾಗಿದೆ.

ಇತಿಹಾಸ

ಶಾಲೆಯ ಪಕ್ಕದಲ್ಲಿ ತೋಟವಿರಬೇಕೆಂಬ ವಿಚಾರ ಯೂರೋಪಿನ ಶಿಕ್ಷಣ ಚಿಂತನೆಯಲ್ಲಿ ಹಳೆಯದು. 17ನೆಯ ಶತಮಾನದಲ್ಲಿ ಕೊಮೇನಿಯಸ್ ಇದನ್ನು ಸೂಚಿಸಿದ್ದನು. 1840ರಲ್ಲಿ ಜರ್ಮನಿಯ ಫ್ರೋಬೆಲ್ ತನ್ನ ಶಿಶುವಿಹಾರಕ್ಕೆ ಮಕ್ಕಳ ತೋಟ ಎಂಬ ಅರ್ಥದ ಹೆಸರನ್ನೇ ಇಟ್ಟನು. ಅಮೆರಿಕದಲ್ಲಿ 19ನೆಯ ಶತಮಾನದ ಕೊನೆಯಲ್ಲಿ ಬೆಳೆದ ನಿಸರ್ಗಾಧ್ಯಯನ ಚಳವಳಿ ಇದಕ್ಕೆ ಹೊಸ ತಿರುವನ್ನು ಕೊಟ್ಟಿತು. ಷಿಕಾಗೊದ ಕುಕ್ ಕೌಂಟಿ ಶಿಕ್ಷಕರ ತರಬೇತಿ ಶಾಲೆಯಲ್ಲಿದ್ದ ವಿಲ್ಬರ್ ಜಾಕ್‌ಮನ್ 1891ರಲ್ಲಿ ಸಾಮಾನ್ಯ ಶಾಲೆಗಳಿಗಾಗಿ ನಿಸರ್ಗಾಧ್ಯಯನದ ಪುಸ್ತಕವನ್ನು ಪ್ರಕಟಿಸಿದನು. ಮಿಶಿಗನ್ ರಾಜ್ಯದ ಸೌತ್ ಹೇವನ್‌ನಲ್ಲಿ ಹುಟ್ಟಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಸಸ್ಯವಿಜ್ಞಾನಿ ಲಿಬರ್ಟಿ ಹೈಡ್ ಬೈಲಿ 1903ರಲ್ಲಿ ಇದೇ ವಿಚಾರವನ್ನು ಕುರಿತು ಗ್ರಂಥವನ್ನು ಬರೆದನು. ಜೀವಿಗಳನ್ನು ಪುಸ್ತಕದ ಚಿತ್ರದಲ್ಲಲ್ಲದೆ ಅವು ಇರುವೆಡೆಯಲ್ಲಿಯೇ ನೋಡಿ ಕಲಿಯಬೇಕೆಂಬುದು ಇವರ ಬೋಧನೆಯ ಸಾರ.

ಇದೇ ಕಾಲದಲ್ಲಿ ಸ್ಥಳೀಯ ಸಸ್ಯಗಳ ಅರಿವೂ ಇಲ್ಲಿ ಬೆಳೆಯಿತು. ಷಿಕಾಗೊ ವಿಶ್ವವಿದ್ಯಾಲಯದ ಹೆನ್ರಿ ಚಾಂಡ್ಲರ್ ಕೌಲ್ಸ್ ಮಿಶಿಗನ್ ಸರೋವರದ ಮರಳುದಿಬ್ಬಗಳ ಮೇಲೆ ಸಸ್ಯಸಮುದಾಯಗಳು ಒಂದರ ನಂತರ ಒಂದರಂತೆ ನೆಲೆಗೊಳ್ಳುವ ಕ್ರಮವನ್ನು 1899ರಲ್ಲಿ ವಿವರಿಸಿದನು. ಡೆನ್ಮಾರ್ಕಿನಿಂದ ಬಂದು ಷಿಕಾಗೊದಲ್ಲಿ ನೆಲೆಸಿದ ಭೂದೃಶ್ಯ ವಿನ್ಯಾಸಕಾರ ಯೆನ್ಸ್ ಯೆನ್ಸನ್ (1860–1951) ಉದ್ಯಾನಗಳಲ್ಲಿ ಸ್ಥಳೀಯ ಹುಲ್ಲುಗಾವಲಿನ ಗಿಡಗಳನ್ನು ಬಳಸಿದನು. ಡಿಯರ್‌ಬಾರ್ನ್‌ನಲ್ಲಿ ರೂಜ್ ನದಿಯ ದಡದ ಮೇಲಿರುವ ಹೆನ್ರಿ ಫೋರ್ಡ್‌ನ ಫೇರ್ ಲೇನ್ ನಿವಾಸದ ಆವರಣವನ್ನು ವಿನ್ಯಾಸಗೊಳಿಸಿದವನೂ ಇವನೇ.

ಎರಡನೆಯ ಮಹಾಯುದ್ಧದ ನಂತರ ಕಟ್ಟಿದ ಶಾಲೆಗಳಲ್ಲಿ ಹುಲ್ಲುಹಾಸು, ಡಾಂಬರು ಹಾಕಿದ ಆಟದ ಅಂಗಳ ಮತ್ತು ವಾಹನ ನಿಲುಗಡೆಯ ಜಾಗ ಇವು ಮೂರೇ ಆವರಣದ ರೂಢಿಯ ಅಂಗಗಳಾದವು. ಇದನ್ನು ಬದಲಿಸುವ ಯತ್ನ 1970ರ ದಶಕದ ಆರಂಭದಲ್ಲಿ ಕಾಣಿಸಿಕೊಂಡಿತು. ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ರಾಬಿನ್ ಮೂರ್‌ನ ಮುಂದಾಳತ್ವದಲ್ಲಿ ಶಾಲೆಯೊಂದರ ಡಾಂಬರನ್ನು ಅಗೆದು ತೆಗೆದು ಕೊಳ, ತೊರೆ ಮತ್ತು ಗಿಡಮರಗಳ ಅಂಗಳವನ್ನು ರಚಿಸಲಾಯಿತು. 1990ರಲ್ಲಿ ಬ್ರಿಟನ್ನಿನಲ್ಲಿ ಶಾಲಾ ಅಂಗಳಗಳ ಸುಧಾರಣೆಗಾಗಿಯೇ ಲರ್ನಿಂಗ್ ಥ್ರೂ ಲ್ಯಾಂಡ್‌ಸ್ಕೇಪ್ಸ್ ಎಂಬ ಸಂಸ್ಥೆ ಹುಟ್ಟಿತು. 1991ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಸ್ಯೋದ್ಯಾನ ಶಾಲಾ ಆವರಣಗಳಲ್ಲಿ ಸ್ಥಳೀಯ ಹುಲ್ಲುಗಾವಲನ್ನು ಮರಳಿ ಬೆಳೆಸಲು ಶಿಕ್ಷಕರಿಗೆ ತರಬೇತಿ ಕೊಡುವ ಯೋಜನೆಯನ್ನು ಆರಂಭಿಸಿತು. 1973ರಿಂದ ಮನೆಯ ಹಿತ್ತಿಲುಗಳನ್ನು ವನ್ಯಜೀವಿಗಳ ಆವಾಸವೆಂದು ಪ್ರಮಾಣೀಕರಿಸುತ್ತಿದ್ದ ನ್ಯಾಷನಲ್ ವೈಲ್ಡ್‌ಲೈಫ್ ಫೆಡರೇಷನ್ 1996ರಲ್ಲಿ ಶಾಲೆಗಳಿಗಾಗಿ ಪ್ರತ್ಯೇಕ ಕಾರ್ಯಕ್ರಮವನ್ನು ರೂಪಿಸಿತು.

ಲಿವೋನಿಯಾ: ನೆಲ ಮತ್ತು ನೀರು

ಲಿವೋನಿಯಾ ಮಿಶಿಗನ್ ರಾಜ್ಯದ ವೇನ್ ಕೌಂಟಿಯಲ್ಲಿದೆ. 1835ರಲ್ಲಿ ಗ್ರಾಮಾಡಳಿತದ ಘಟಕವಾಗಿ ಸಂಘಟಿತವಾದ ಇದು 1950ರಲ್ಲಿ ನಗರವಾಯಿತು. ಇದರ ವಿಸ್ತೀರ್ಣ ಸುಮಾರು 36 ಚದರ ಮೈಲಿ (93 ಚದರ ಕಿಮೀ). ಹೊಲ ಮತ್ತು ಹೈನುಗಾರಿಕೆಯ ನೆಲವಾಗಿದ್ದ ಪ್ರದೇಶ 1950 ಮತ್ತು 1960ರ ದಶಕಗಳಲ್ಲಿ ವೇಗವಾಗಿ ವಸತಿ ಬಡಾವಣೆಗಳಾಗಿ ಮಾರ್ಪಟ್ಟಿತು. ಶಾಲಾ ಕಟ್ಟಡಗಳಲ್ಲಿ ಹೆಚ್ಚಿನವು ಆ ಬೆಳವಣಿಗೆಯ ಕಾಲಕ್ಕೆ ಸೇರಿದವು.

ಹಿಮಯುಗದ ಕೊನೆಯಲ್ಲಿ ಈ ಭಾಗವನ್ನು ಇಂದಿನ ಈರೀ ಸರೋವರಕ್ಕಿಂತ ದೊಡ್ಡದಾದ ಹಿಮಜಲ ಸರೋವರಗಳು ಆವರಿಸಿದ್ದವು. ಅವು ಹಿಂದೆ ಸರಿದಾಗ ಉಳಿದ ನೆಲ ಸಮತಟ್ಟಾಗಿದ್ದು, ಜೇಡಿಮಣ್ಣಿನ ಮೇಲೆ ಅಲ್ಲಲ್ಲಿ ಮರಳಿನ ಪದರ ಹಾಗೂ ಹಳೆಯ ದಡದ ಮರಳುದಿಣ್ಣೆಗಳು ಕಾಣುತ್ತವೆ. ಜೇಡಿಮಣ್ಣಿನಲ್ಲಿ ನೀರು ನಿಧಾನವಾಗಿ ಇಂಗುವುದರಿಂದ ವಸಂತಕಾಲದಲ್ಲಿ ತಗ್ಗುಗಳು ಕೆಸರಾಗಿರುತ್ತವೆ. ಬೀಚ್ ಮತ್ತು ಮೇಪಲ್ ಮರಗಳ ಕಾಡು, ಓಕ್ ಮರಗಳು ವಿರಳವಾಗಿ ಹರಡಿದ ಹುಲ್ಲುಗಾವಲು ಹಾಗೂ ಜೌಗು ಕಾಡು ಈ ಭಾಗದ ಮೂಲ ಸಸ್ಯವರ್ಗಗಳಾಗಿದ್ದವು. ಇವುಗಳ ಉಳಿಕೆಯನ್ನು ನೆರೆಯ ವೆಸ್ಟ್‌ಲ್ಯಾಂಡ್‌ನಲ್ಲಿ ಟಾಂಕ್ವಿಶ್ ತೊರೆಯ ಉದ್ದಕ್ಕೂ ಹಬ್ಬಿರುವ ಹಾಲಿಡೇ ಅರಣ್ಯ ಮತ್ತು ವನ್ಯಜೀವಿ ರಕ್ಷಿತ ಪ್ರದೇಶದಲ್ಲಿ ನೋಡಬಹುದು.

ಲಿವೋನಿಯಾದ ಮಳೆನೀರು ಬೆಲ್, ಟಾರಾಬುಸಿ ಮೊದಲಾದ ತೊರೆಗಳ ಮೂಲಕವೂ ನೈರುತ್ಯದಲ್ಲಿ ನ್ಯೂಬರ್ಗ್ ಕೆರೆಯಿರುವ ಮಧ್ಯ ಕವಲಿನ ಮೂಲಕವೂ ರೂಜ್ ನದಿಗೆ ಸೇರುತ್ತದೆ. ಈ ನದಿಯ ನಾಲ್ಕು ಕವಲುಗಳ ಒಟ್ಟು ಉದ್ದ ಸುಮಾರು 126 ಮೈಲಿ. ಜಲಾನಯನ ಪ್ರದೇಶ ಸುಮಾರು 467 ಚದರ ಮೈಲಿ. ಕಾರ್ಖಾನೆಯ ತ್ಯಾಜ್ಯದಿಂದ ಕೆಟ್ಟಿದ್ದ ಈ ನದಿಯ ಕೆಳಭಾಗದಲ್ಲಿ 1969ರಲ್ಲಿ ನೀರಿನ ಮೇಲೆ ತೇಲುತ್ತಿದ್ದ ಎಣ್ಣೆಗೆ ಬೆಂಕಿ ಹೊತ್ತಿಕೊಂಡಿತ್ತು. 1986ರಲ್ಲಿ ಫ್ರೆಂಡ್ಸ್ ಆಫ್ ದ ರೂಜ್ ಎಂಬ ನಾಗರಿಕ ಸಂಸ್ಥೆ ಸ್ಥಾಪಿತವಾಯಿತು. ಮರುವರ್ಷ, ಮಿಶಿಗನ್ ವಿಶ್ವವಿದ್ಯಾಲಯದ ಪರಿಸರ ಶಿಕ್ಷಣ ತಜ್ಞ ವಿಲಿಯಂ ಸ್ಟ್ಯಾಪ್‌ನ ನೆರವಿನಿಂದ, ಜಲಾನಯನದ ಶಾಲಾ ಮಕ್ಕಳು ನದಿನೀರನ್ನು ತಾವೇ ಪರೀಕ್ಷಿಸುವ ರೂಜ್ ಶಿಕ್ಷಣ ಯೋಜನೆ ಆರಂಭವಾಯಿತು. ಶಾಲೆಯ ಅಂಗಳದಲ್ಲಿ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ನದಿಯ ಆರೋಗ್ಯದೊಂದಿಗೆ ಜೋಡಿಸಿದ್ದು ಈ ಯೋಜನೆಯ ಮಹತ್ವ.

ಆವಾಸದ ಅಂಗಗಳು

ಆಹಾರ. ಹೂವಿನ ಮಕರಂದ, ಹಣ್ಣು ಮತ್ತು ಬೀಜಗಳಷ್ಟೇ ಆಹಾರವಲ್ಲ. ಎಲೆಗಳನ್ನು ತಿನ್ನುವ ಮರಿಹುಳುಗಳೇ ಹಕ್ಕಿಮರಿಗಳ ಮುಖ್ಯ ಊಟ. ಡೆಲವೇರ್ ವಿಶ್ವವಿದ್ಯಾಲಯದ ಕೀಟವಿಜ್ಞಾನಿ ಡಗ್ಲಸ್ ಟ್ಯಾಲಮಿಯ ಲೆಕ್ಕದಂತೆ ಚಿಕಡೀ ಎಂಬ ಪುಟ್ಟ ಹಕ್ಕಿಯ ಜೋಡಿ ಒಂದು ಗೂಡಿನ ಮರಿಗಳನ್ನು ಹಾರುವ ಹಂತಕ್ಕೆ ತರಲು 6,000ದಿಂದ 9,000 ಮರಿಹುಳುಗಳನ್ನು ತಂದುಕೊಡಬೇಕಾಗುತ್ತದೆ. ಬಹುಪಾಲು ಮರಿಹುಳುಗಳು ತಮಗೆ ಪರಿಚಿತವಾದ ಕೆಲವೇ ಸಸ್ಯಗಳ ಎಲೆಗಳನ್ನು ಅರಗಿಸಿಕೊಳ್ಳಬಲ್ಲವಾದ್ದರಿಂದ, ಹೊರದೇಶದ ಅಲಂಕಾರದ ಗಿಡಗಳು ಹಸಿರಾಗಿ ಕಂಡರೂ ಹಕ್ಕಿಗಳ ಪಾಲಿಗೆ ಬರಿದಾಗಿರುತ್ತವೆ. ವಾಷಿಂಗ್ಟನ್ ನಗರದ ಸುತ್ತಲಿನ ಮನೆಯಂಗಳಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅಂಗಳದ ಸಸ್ಯರಾಶಿಯಲ್ಲಿ ಸ್ಥಳೀಯ ಸಸ್ಯಗಳ ಪಾಲು ಶೇಕಡ 70ಕ್ಕಿಂತ ಕಡಿಮೆಯಾದಲ್ಲಿ ಈ ಹಕ್ಕಿಯ ಸಂಖ್ಯೆ ತನ್ನನ್ನು ತಾನು ಉಳಿಸಿಕೊಳ್ಳಲಾರದೆಂದು ತೋರಿಸಿತು. ಈ ಪ್ರದೇಶದಲ್ಲಿ ಅತಿ ಹೆಚ್ಚು ಮರಿಹುಳುಗಳಿಗೆ ಆಶ್ರಯವಾಗಿರುವುದು ಓಕ್ ಕುಲದ ಮರಗಳು. ಬರ್ ಓಕ್, ಬಿಳಿ ಓಕ್ ಮತ್ತು ಜೌಗು ಬಿಳಿ ಓಕ್ ಲಿವೋನಿಯಾದ ಮಣ್ಣಿಗೆ ಒಗ್ಗುತ್ತವೆ.

ನೀರು. ಆಳವಿಲ್ಲದ ಹಕ್ಕಿತೊಟ್ಟಿಯಿಂದ ಹಿಡಿದು ವಸಂತದಲ್ಲಿ ತುಂಬಿ ಬೇಸಿಗೆಯಲ್ಲಿ ಬತ್ತುವ ತಾತ್ಕಾಲಿಕ ಹೊಂಡದವರೆಗೆ ನೀರಿನ ಆಕರಗಳು ಹಲವು ಬಗೆಯವು. ಬತ್ತುವ ಹೊಂಡದಲ್ಲಿ ಮೀನುಗಳು ಇರದ ಕಾರಣ ಕಪ್ಪೆಯ ಮೊಟ್ಟೆಗಳು ಉಳಿಯುತ್ತವೆ.

ಆಸರೆ. ಎತ್ತರದ ಮರ, ಅದರ ಕೆಳಗೆ ಚಿಕ್ಕ ಮರ, ಪೊದೆ, ನೆಲಮಟ್ಟದ ಗಿಡ ಎಂಬ ಪದರಗಳಿದ್ದಷ್ಟೂ ಆಸರೆಗಳ ಬಗೆಗಳು ಹೆಚ್ಚುತ್ತವೆ. ಉದುರಿದ ಎಲೆಯ ಹಾಸು, ಒಣಕಟ್ಟಿಗೆಯ ರಾಶಿ, ಕೊಳೆಯುತ್ತಿರುವ ದಿಮ್ಮಿ ಇವೂ ಆಸರೆಗಳೇ.

ಮರಿ ಮಾಡುವ ಎಡೆ. ಮಿಶಿಗನ್ನಿನಲ್ಲಿ ದಾಖಲಾಗಿರುವ 450ಕ್ಕೂ ಹೆಚ್ಚು ಜಾತಿಯ ಕಾಡು ಜೇನ್ನೊಣಗಳಲ್ಲಿ ಬಹುಪಾಲು ಬರಿಯ ಮಣ್ಣಿನಲ್ಲಿ ಬಿಲ ತೋಡಿ ಮೊಟ್ಟೆಯಿಡುತ್ತವೆ. ಉಳಿದವುಗಳಲ್ಲಿ ಹಲವು ಒಣಗಿದ ಗಿಡದ ಪೊಳ್ಳು ದಂಟುಗಳಲ್ಲಿ ಗೂಡು ಮಾಡುತ್ತವೆ. ಆದ್ದರಿಂದ ಬಿಸಿಲು ಬೀಳುವ ಒಂದಿಷ್ಟು ಬರಿನೆಲವನ್ನು ಮುಚ್ಚದೆ ಬಿಡುವುದೂ, ಹಿಂದಿನ ವರ್ಷದ ದಂಟುಗಳನ್ನು ಶರತ್ಕಾಲದಲ್ಲಿ ಪೂರ್ತಿ ಕತ್ತರಿಸದೆ ಉಳಿಸುವುದೂ ಆವಾಸ ರಚನೆಯ ಭಾಗಗಳಾಗಿವೆ.

ಪ್ರಕಾರಗಳು

ಪರಾಗಸ್ಪರ್ಶಕಗಳ ತೋಟ. ವಸಂತದಿಂದ ಮೊದಲ ಹಿಮದವರೆಗೆ ಯಾವುದಾದರೊಂದು ಗಿಡ ಹೂಬಿಟ್ಟಿರುವಂತೆ ಆಯ್ದು ನೆಡುವುದು ಇದರ ನಿಯಮ. ಬೇಸಿಗೆಯಲ್ಲಿ ಕಾಡು ಬರ್ಗಮಾಟ್ ಮತ್ತು ಕಪ್ಪುಕಣ್ಣಿನ ಸೂಸನ್, ಶರತ್ಕಾಲದಲ್ಲಿ ಗೋಲ್ಡನ್‌ರಾಡ್ ಮತ್ತು ನ್ಯೂ ಇಂಗ್ಲೆಂಡ್ ಆಸ್ಟರ್ ಸಾಮಾನ್ಯ ಆಯ್ಕೆಗಳು. ಮೊನಾರ್ಕ್ ಚಿಟ್ಟೆಯ ಮರಿಹುಳು ಹಾಲುಗಿಡಗಳ ಎಲೆಗಳನ್ನಲ್ಲದೆ ಬೇರೇನನ್ನೂ ತಿನ್ನದ ಕಾರಣ ಆ ಗಿಡಗಳಿಗೆ ಇಲ್ಲಿ ಖಾಯಂ ಜಾಗವಿದೆ. ಹೆಚ್ಚಿನವು ಮುರಿದಾಗ ಬಿಳಿಯ ಹಾಲನ್ನು ಸುರಿಸುವ ಈ ಗಿಡಗಳಲ್ಲಿ ಆಸ್ಕ್ಲೆಪಿಯಾಸ್ ಇನ್ಕಾರ್ನೇಟಾ ಒದ್ದೆ ಜೇಡಿಗೂ ಆಸ್ಕ್ಲೆಪಿಯಾಸ್ ಟ್ಯೂಬರೋಸಾ ಒಣ ಮರಳುನೆಲಕ್ಕೂ ಹೊಂದುತ್ತವೆ. ಇಲ್ಲಿ ಬೇಸಿಗೆಯ ಕೊನೆಯಲ್ಲಿ ಹೊರಬರುವ ಪೀಳಿಗೆಯ ಮೊನಾರ್ಕ್‌ಗಳು ಮೆಕ್ಸಿಕೊದ ಪರ್ವತಗಳ ಫರ್ ಕಾಡುಗಳಿಗೆ 3,000 ಕಿಮೀಗೂ ಹೆಚ್ಚು ದೂರ ವಲಸೆ ಹೋಗುತ್ತವೆ.

ಮಳೆನೀರು ತೋಟ. ಮಾಳಿಗೆಯ ಅಥವಾ ಡಾಂಬರಿನ ಮೇಲೆ ಬಿದ್ದ ಮಳೆ ನೇರವಾಗಿ ಚರಂಡಿಗೆ ಹೋಗದಂತೆ ತಡೆದು ಇಂಗಿಸುವ, ಆಳವಿಲ್ಲದ ತಗ್ಗಿನಲ್ಲಿ ಆಳಬೇರಿನ ಸ್ಥಳೀಯ ಗಿಡಗಳನ್ನು ನೆಟ್ಟ ತೋಟವಿದು. 100 ಚದರ ಮೀಟರ್ ಮಾಳಿಗೆಯ ಮೇಲೆ 25 ಮಿಮೀ ಮಳೆ ಬಿದ್ದರೆ 2,500 ಲೀಟರ್ ನೀರು ಹರಿಯುತ್ತದೆಂಬ ಲೆಕ್ಕದಿಂದ ತಗ್ಗಿನ ಗಾತ್ರವನ್ನು ನಿಗದಿ ಮಾಡಲಾಗುತ್ತದೆ. ತಗ್ಗು ಸಾಮಾನ್ಯವಾಗಿ 10ರಿಂದ 20 ಸೆಂಮೀ ಆಳವಿದ್ದು, ಕಟ್ಟಡದ ಅಡಿಪಾಯದಿಂದ ಕನಿಷ್ಠ ಮೂರು ಮೀಟರ್ ದೂರದಲ್ಲಿರುತ್ತದೆ. ನಿಂತ ನೀರು ಒಂದೆರಡು ದಿನಗಳಲ್ಲಿ ಇಂಗುವಂತಿದ್ದರೆ ಸೊಳ್ಳೆಯ ಮರಿಗಳು ಬೆಳೆದು ರೆಕ್ಕೆ ಪಡೆಯುವಷ್ಟು ಕಾಲ ಸಿಗುವುದಿಲ್ಲ.

ಹುಲ್ಲುಗಾವಲಿನ ತುಂಡು. ಕ್ರೀಡೆಗೆ ಬಳಕೆಯಾಗದ ಹುಲ್ಲುಹಾಸನ್ನು ತೆಗೆದು ಬ್ಲೂಸ್ಟೆಮ್ ಮೊದಲಾದ ಸ್ಥಳೀಯ ಹುಲ್ಲುಗಳನ್ನೂ ಹೂಗಿಡಗಳನ್ನೂ ಬಿತ್ತಿ ಬೆಳೆಸುವ ವಿಧಾನವಿದು. ಮೊದಲ ಎರಡು ವರ್ಷ ಬೇರುಗಳೇ ಹೆಚ್ಚು ಬೆಳೆಯುವುದರಿಂದ ನೆಲದ ಮೇಲೆ ಕಳೆಯೇ ಎದ್ದು ಕಾಣುತ್ತದೆ. ಮೂರನೆಯ ವರ್ಷದ ಹೊತ್ತಿಗೆ ಹೂಗಿಡಗಳು ಮೇಲುಗೈ ಪಡೆಯುತ್ತವೆ.

ಕಾಡಿನಂಚು. ಶಾಲೆಯ ಗಡಿಯಲ್ಲಿರುವ ಮರಗಳ ಸಾಲಿನಿಂದ ಬಕ್‌ಥಾರ್ನ್, ಬೆಳ್ಳುಳ್ಳಿ ಸಾಸಿವೆ ಮುಂತಾದ ಆಕ್ರಮಣಕಾರಿ ಸಸ್ಯಗಳನ್ನು ಕಿತ್ತು, ಸ್ಪೈಸ್‌ಬುಷ್, ಸರ್ವಿಸ್‌ಬೆರಿ, ರೆಡ್‌ಬಡ್‌ನಂಥ ಸ್ಥಳೀಯ ಪೊದೆಗಳನ್ನೂ ಚಿಕ್ಕ ಮರಗಳನ್ನೂ ಬೆಳೆಸುವುದು ಇದರಲ್ಲಿ ಸೇರುತ್ತದೆ.

ತರಕಾರಿ ತೋಟ. ಆಹಾರದ ಬೆಳೆಯನ್ನೇ ಮುಖ್ಯವಾಗಿಸಿಕೊಂಡಿರುವ ಇದು ಜೀವವೈವಿಧ್ಯಕ್ಕೆ ನೆರವಾಗುವುದು ಸುತ್ತ ಹೂಗಿಡಗಳ ಅಂಚಿದ್ದು ಕೀಟನಾಶಕ ಬಳಸದಿದ್ದಾಗ ಮಾತ್ರ.

ಕಾರ್ಯವಿಧಾನ

ಮೊದಲ ಹಂತ ಸಮೀಕ್ಷೆ. ಬಿಸಿಲು ನೆರಳು, ನೀರು ನಿಲ್ಲುವ ಜಾಗ, ಮಣ್ಣಿನ ಬಗೆ, ನೆಲದಡಿಯ ಅನಿಲ ಮತ್ತು ವಿದ್ಯುತ್ ಮಾರ್ಗಗಳು, ಮಕ್ಕಳು ಓಡಾಡುವ ದಾರಿ ಇವುಗಳನ್ನು ಗುರುತಿಸಿದ ನಕ್ಷೆಯನ್ನು ತಯಾರಿಸಲಾಗುತ್ತದೆ. ಈಗಾಗಲೇ ಇರುವ ಜೀವಿಗಳ ಪಟ್ಟಿಯನ್ನು ಈ ಹಂತದಲ್ಲಿಯೇ ಮಾಡದಿದ್ದರೆ ಮುಂದಿನ ಬದಲಾವಣೆಯನ್ನು ಅಳೆಯಲು ಆಧಾರವಿರುವುದಿಲ್ಲ. ಎರಡನೆಯ ಹಂತದಲ್ಲಿ ಹುಲ್ಲುಹಾಸನ್ನು ತೆಗೆಯಲಾಗುತ್ತದೆ. ರಟ್ಟಿನ ಹಾಳೆಗಳನ್ನು ಹಾಸಿ ಮೇಲೆ ಮರದ ಚಕ್ಕೆಯನ್ನು ಹರಡಿ ಕೆಲವು ತಿಂಗಳು ಬಿಟ್ಟರೆ ಅಡಿಯ ಹುಲ್ಲು ಬೆಳಕಿಲ್ಲದೆ ಸಾಯುವುದರಿಂದ ಕಳೆನಾಶಕ ಬೇಕಾಗುವುದಿಲ್ಲ.

ಮೂರನೆಯ ಹಂತ ಬೀಜ ಮತ್ತು ಸಸಿ. ಹಾಲುಗಿಡವೂ ಸೇರಿದಂತೆ ಈ ನಾಡಿನ ಅನೇಕ ಸ್ಥಳೀಯ ಗಿಡಗಳ ಬೀಜಗಳು ಒಂದು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ತೇವದ ಚಳಿಯನ್ನು ಅನುಭವಿಸಿದ ಮೇಲಷ್ಟೇ ಚೆನ್ನಾಗಿ ಮೊಳೆಯುತ್ತವೆ. ಶಾಲೆಗಳಲ್ಲಿ ಇದಕ್ಕೆ ಚಳಿಗಾಲದ ಬಿತ್ತನೆ ಎಂಬ ಸರಳ ವಿಧಾನ ಬಳಕೆಯಲ್ಲಿದೆ. ಹಾಲು ತುಂಬಿ ಬರುವ ಪ್ಲಾಸ್ಟಿಕ್ ಕ್ಯಾನನ್ನು ನಡುವೆ ಸುತ್ತಲೂ ಕತ್ತರಿಸಿ, ಹಿಡಿಯ ಬಳಿ ಮಾತ್ರ ಅಂಟಿಕೊಂಡಿರುವಂತೆ ಬಿಟ್ಟು, ತಳಕ್ಕೆ ತೂತು ಮಾಡಿ, ಅಂಗೈ ಅಗಲದಷ್ಟು ಎತ್ತರಕ್ಕೆ ತೇವದ ಮಣ್ಣನ್ನು ತುಂಬಿ ಬೀಜವನ್ನು ಬಿತ್ತಲಾಗುತ್ತದೆ; ಬಳಿಕ ಮೇಲ್ಭಾಗವನ್ನು ಮುಚ್ಚಿ ಅಂಟುಪಟ್ಟಿ ಸುತ್ತಿ, ಬಿರಡೆಯನ್ನು ತೆಗೆದು, ಜನವರಿ ಅಥವಾ ಫೆಬ್ರವರಿಯಲ್ಲಿ ಹಿಮ ಬೀಳುವ ಬಯಲಿನಲ್ಲಿಯೇ ಇಡುತ್ತಾರೆ. ಹಿಮ ಕರಗಿದ ನೀರು ಬಾಯಿಯ ಮೂಲಕ ಇಳಿದು ಮಣ್ಣನ್ನು ತೇವವಾಗಿಡುತ್ತದೆ. ವಸಂತದ ಬಿಸಿಲು ಏರಿದಂತೆ ಮೊಳಕೆಗಳು ತಾವಾಗಿ ಕಾಣಿಸಿಕೊಳ್ಳುತ್ತವೆ. ಇಬ್ಬನಿ ಹೆಪ್ಪುಗಟ್ಟುವ ಭಯ ಕಳೆಯುವ ಮೇ ತಿಂಗಳ ನಡುವಿನಿಂದ ಜೂನ್ ನಡುವೆ ಬರುವ ರಜೆಯೊಳಗೆ ಸಸಿಗಳನ್ನು ನೆಲಕ್ಕೆ ಇಳಿಸಬಹುದಾದ್ದರಿಂದ ಈ ಕ್ರಮ ಶಾಲಾ ವರ್ಷಕ್ಕೆ ಹೊಂದುತ್ತದೆ.

ನಾಲ್ಕನೆಯ ಹಂತ ಪಾಲನೆ. ಆಕ್ರಮಣಕಾರಿ ಸಸ್ಯಗಳನ್ನು ಬೀಜ ಕಟ್ಟುವ ಮೊದಲೇ ಕೀಳುವುದು, ಮೊದಲ ಬೇಸಿಗೆಯಲ್ಲಿ ನೀರುಣಿಸುವುದು, ವಸಂತದಲ್ಲಿ ಹಳೆಯ ದಂಟನ್ನು ತಗ್ಗಿಸುವುದು ಇದರ ಮುಖ್ಯ ಕೆಲಸಗಳು. ಜೀವಿಗಳಿಂದಲೇ ಕಳೆಯನ್ನು ಹತೋಟಿಗೆ ತರುವ ಕ್ರಮದಲ್ಲಿಯೂ ಶಾಲೆಗಳು ಪಾಲ್ಗೊಂಡಿವೆ. ಜೌಗುಗಳನ್ನು ಆವರಿಸಿದ್ದ ನೇರಳೆ ಲೂಸ್‌ಸ್ಟ್ರೈಫ್ ಗಿಡವನ್ನು ತಿನ್ನುವ ಗ್ಯಾಲೆರುಸೆಲ್ಲಾ ಜೀರುಂಡೆಗಳನ್ನು ಸಾಕಿ ಬಿಡುವ ಕೆಲಸವನ್ನು 1990ರ ದಶಕದಲ್ಲಿ ಮಿಶಿಗನ್ ರಾಜ್ಯ ವಿಶ್ವವಿದ್ಯಾಲಯದ ಯೋಜನೆಯಡಿ ಶಾಲಾ ಮಕ್ಕಳೂ ಕೈಗೊಂಡಿದ್ದರು.

ಆವಾಸ ಬೆಳೆದಂತೆ ಅಪಾಯಗಳನ್ನು ನಿವಾರಿಸುವುದೂ ಅಗತ್ಯವಾಗುತ್ತದೆ. ಗಾಜಿನಲ್ಲಿ ಕಾಣುವ ಮರದ ಪ್ರತಿಬಿಂಬವನ್ನು ನಿಜವೆಂದು ನಂಬಿ ಹಕ್ಕಿಗಳು ಡಿಕ್ಕಿ ಹೊಡೆಯುತ್ತವೆ. 2023ರ ಅಕ್ಟೋಬರಿನಲ್ಲಿ ಷಿಕಾಗೊದ ಮೆಕಾರ್ಮಿಕ್ ಪ್ಲೇಸ್ ಸಭಾಂಗಣಕ್ಕೆ ಬಡಿದು ಒಂದೇ ರಾತ್ರಿಯ ವಲಸೆಯಲ್ಲಿ ಸಾವಿರಕ್ಕೆ ಸಮೀಪದಷ್ಟು ಹಕ್ಕಿಗಳು ಸತ್ತವು. ಗಾಜಿನ ಹೊರಮೈ ಮೇಲೆ ಸುಮಾರು ಐದು ಸೆಂಮೀ ಅಂತರದಲ್ಲಿ ಚುಕ್ಕೆಗಳನ್ನು ಅಂಟಿಸುವುದರಿಂದ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಅಳತೆ ಮತ್ತು ದಾಖಲೆ

ಪ್ರಭೇದಗಳ ಸಂಖ್ಯೆಯನ್ನು ಪ್ರಭೇದ ಸಮೃದ್ಧಿ ಎಂದೂ, ಪ್ರಭೇದಗಳ ನಡುವೆ ಜೀವಿಗಳ ಸಂಖ್ಯೆ ಎಷ್ಟು ಸಮವಾಗಿ ಹಂಚಿಹೋಗಿದೆ ಎಂಬುದನ್ನು ಸಮತೆ ಎಂದೂ ಕರೆಯುತ್ತಾರೆ. ಎರಡನ್ನೂ ಸೇರಿಸಿದಾಗಲೇ ವೈವಿಧ್ಯದ ಸರಿಯಾದ ಚಿತ್ರ ಸಿಗುತ್ತದೆ. ಒಂದು ಮೀಟರ್ ಚದರದ ಚೌಕಟ್ಟನ್ನು ನೆಲದ ಮೇಲಿಟ್ಟು ಅದರೊಳಗಿನ ಗಿಡಗಳನ್ನು ಎಣಿಸುವುದು ಮಕ್ಕಳಿಗೆ ಕಲಿಸುವ ಮೂಲ ವಿಧಾನ. ಒಂದು ಚೌಕಟ್ಟನ್ನು ಹುಲ್ಲುಹಾಸಿನಲ್ಲೂ ಇನ್ನೊಂದನ್ನು ಹುಲ್ಲುಗಾವಲಿನ ತುಂಡಿನಲ್ಲೂ ಇಟ್ಟು ಹೋಲಿಸಿದಾಗ ವ್ಯತ್ಯಾಸ ಅಂಕಿಗಳಲ್ಲಿಯೇ ಸ್ಪಷ್ಟವಾಗುತ್ತದೆ. ಹಕ್ಕಿಗಳ ದಾಖಲೆಗೆ ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯ 2002ರಲ್ಲಿ ಆರಂಭಿಸಿದ ಇಬರ್ಡ್, ಎಲ್ಲ ಜೀವಿಗಳಿಗೆ ಐನ್ಯಾಚುರಲಿಸ್ಟ್ ಎಂಬ ಜಾಲತಾಣಗಳು ಬಳಕೆಯಲ್ಲಿವೆ. ರೂಜ್ ಜಲಾನಯನದಲ್ಲಿ 1998ರಿಂದ ಸ್ವಯಂಸೇವಕರು ಕಪ್ಪೆಗಳ ಕೂಗನ್ನು ಕೇಳಿ ಗುರುತಿಸುವ ಸಮೀಕ್ಷೆಯನ್ನು ನಡೆಸುತ್ತ ಬಂದಿದ್ದಾರೆ.

ಉಪಯೋಗಗಳು

ಪರಿಸರದ ದೃಷ್ಟಿಯಿಂದ, ನಗರದಲ್ಲಿ ಚದುರಿಹೋದ ಹಸಿರು ತುಣುಕುಗಳ ನಡುವೆ ಶಾಲಾ ಆವರಣಗಳು ಹಕ್ಕಿ ಮತ್ತು ಕೀಟಗಳಿಗೆ ಕೊಂಡಿಗಳಾಗುತ್ತವೆ. ವಿವಿಧ ಜಾತಿಯ ಮರಗಳನ್ನು ಬೆಳೆಸುವುದರ ಮಹತ್ವವನ್ನು ಈ ಪ್ರದೇಶ ಎರಡು ಸಲ ಕಂಡಿದೆ. ಡಚ್ ಎಲ್ಮ್ ರೋಗದಿಂದ ಎಲ್ಮ್ ಮರಗಳು ಸತ್ತಾಗ ಬೀದಿ ಬಯಲುಗಳಲ್ಲಿ ಅವುಗಳ ಜಾಗದಲ್ಲಿ ಆ್ಯಶ್ ಮರಗಳನ್ನೇ ಸಾಲಾಗಿ ನೆಡಲಾಗಿತ್ತು; ಏಷ್ಯಾದಿಂದ ಬಂದ ಪಚ್ಚೆ ಆ್ಯಶ್ ಕೊರಕ ಎಂಬ ಜೀರುಂಡೆ 2002ರಲ್ಲಿ ಡೆಟ್ರಾಯ್ಟ್ ಪ್ರದೇಶದಲ್ಲಿಯೇ ಅಮೆರಿಕದಲ್ಲಿ ಮೊದಲ ಸಲ ಪತ್ತೆಯಾಗಿ, ಕೆಲವೇ ವರ್ಷಗಳಲ್ಲಿ ಆಗ್ನೇಯ ಮಿಶಿಗನ್ನಿನ ಆ್ಯಶ್ ಮರಗಳನ್ನು ಕೋಟಿಗಳ ಲೆಕ್ಕದಲ್ಲಿ ನಾಶಪಡಿಸಿತು.

ಶಿಕ್ಷಣದ ದೃಷ್ಟಿಯಿಂದ, ಆಹಾರಜಾಲ, ಜೀವನಚಕ್ರ, ಜಲಚಕ್ರ, ದತ್ತಾಂಶ ವಿಶ್ಲೇಷಣೆ ಮುಂತಾದ ಪಾಠಗಳಿಗೆ ಅಂಗಳವೇ ಪ್ರಯೋಗಶಾಲೆಯಾಗುತ್ತದೆ. ಆರೋಗ್ಯ ಮತ್ತು ಕಲಿಕೆಯ ಸಂಬಂಧವನ್ನು ಕುರಿತೂ ಅಧ್ಯಯನಗಳು ನಡೆದಿವೆ. ರಾಡ್ನಿ ಮಾತ್ಸುವೊಕಾ ಆಗ್ನೇಯ ಮಿಶಿಗನ್ನಿನ 101 ಸರ್ಕಾರಿ ಪ್ರೌಢಶಾಲೆಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಊಟದ ಕೋಣೆ ಮತ್ತು ತರಗತಿಯ ಕಿಟಕಿಗಳಿಂದ ಮರ ಮತ್ತು ಪೊದೆಗಳು ಕಾಣುವ ಶಾಲೆಗಳಲ್ಲಿ ಪರೀಕ್ಷೆಯ ಫಲಿತಾಂಶ ಉತ್ತಮವಾಗಿರುವುದೂ, ವಿಶಾಲವಾದ ಬರಿಯ ಹುಲ್ಲುಹಾಸಿಗೆ ಅಂಥ ಒಳ್ಳೆಯ ಸಂಬಂಧವಿಲ್ಲದಿರುವುದೂ ಕಂಡುಬಂದಿತು. ಇಂಥ ಸಮೀಕ್ಷೆ ಜೊತೆಜೊತೆಗಿರುವುದನ್ನು ತೋರಿಸುತ್ತದೆಯೇ ಹೊರತು ಒಂದರಿಂದ ಇನ್ನೊಂದು ಉಂಟಾಯಿತೆಂದು ಸಾಬೀತುಪಡಿಸುವುದಿಲ್ಲ. ಆದರೆ ಇಲಿನಾಯ್ ವಿಶ್ವವಿದ್ಯಾಲಯದ ಲೀ ಮತ್ತು ಸಲಿವನ್ 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಸಿರು ಕಾಣುವ ಕಿಟಕಿಯ ಕೋಣೆಯಲ್ಲಿ ಬಿಡುವು ಪಡೆದ ಪ್ರೌಢಶಾಲಾ ವಿದ್ಯಾರ್ಥಿಗಳ ಗಮನಶಕ್ತಿ ಉಳಿದವರಿಗಿಂತ ಬೇಗ ಚೇತರಿಸಿಕೊಂಡಿತು.

ಅಡಚಣೆಗಳು

ಗಿಡಗಳು ಹುಲುಸಾಗಿ ಬೆಳೆಯುವ ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗಿನ ಕಾಲದಲ್ಲಿ ಶಾಲೆಗೆ ರಜೆ ಇರುವುದು ಎಲ್ಲಕ್ಕಿಂತ ದೊಡ್ಡ ಅಡಚಣೆ. ವಾರಕ್ಕೊಂದು ಕುಟುಂಬದ ಸರದಿ, ಬೇಸಿಗೆ ಶಿಬಿರ, ನೆರೆಹೊರೆಯವರ ನೆರವು ಇವುಗಳಿಂದ ಈ ಕೊರತೆಯನ್ನು ತುಂಬಲಾಗುತ್ತದೆ. ತೋಟವನ್ನು ಆರಂಭಿಸಿದ ಶಿಕ್ಷಕರು ವರ್ಗವಾದಾಗ ಅಥವಾ ನಿವೃತ್ತರಾದಾಗ ಕೆಲಸ ನಿಲ್ಲುವ ಸಾಧ್ಯತೆ ಇರುವುದರಿಂದ, ಹೊಣೆಯನ್ನು ಒಬ್ಬರಿಗೆ ಬಿಡದೆ ಶಿಕ್ಷಕರು, ಪೋಷಕರು ಮತ್ತು ನಿರ್ವಹಣಾ ಸಿಬ್ಬಂದಿ ಸೇರಿದ ಸಮಿತಿಗೆ ವಹಿಸುವುದು ರೂಢಿ. ಹುಲ್ಲು ಕತ್ತರಿಸುವ ಸಿಬ್ಬಂದಿಗೆ ನಕ್ಷೆಯನ್ನು ಕೊಡದಿದ್ದರೆ ಸಸಿಗಳು ಯಂತ್ರಕ್ಕೆ ಸಿಕ್ಕಿ ನಾಶವಾಗುತ್ತವೆ.

ಎತ್ತರದ ಹುಲ್ಲು ಅಚ್ಚುಕಟ್ಟಿಲ್ಲದಂತೆ ಕಂಡು ನೆರೆಯವರಿಂದ ಆಕ್ಷೇಪ ಬರುವುದೂ ಉಂಟು. ಭೂದೃಶ್ಯ ತಜ್ಞೆ ಜೋನ್ ನಸಾವರ್ 1995ರ ಲೇಖನದಲ್ಲಿ ಇದಕ್ಕೆ ಪರಿಹಾರವನ್ನು ಸೂಚಿಸಿದರು: ಕಾಡುಗಿಡಗಳ ಸುತ್ತ ಕತ್ತರಿಸಿದ ಹುಲ್ಲಿನ ಅಂಚು, ಬೇಲಿ, ಫಲಕ ಮುಂತಾದ ಕಾಳಜಿಯ ಗುರುತುಗಳಿದ್ದರೆ ಜನ ಅದನ್ನು ಪಾಳು ನೆಲವೆಂದು ಭಾವಿಸುವುದಿಲ್ಲ. ಕಣಜ ಮತ್ತು ಜೇನ್ನೊಣಗಳ ಕಡಿತದ ಅಲರ್ಜಿ, ಉಣ್ಣಿಗಳು, ಕೊಳದ ಆಳ ಇವುಗಳ ಬಗ್ಗೆಯೂ ಮುನ್ನೆಚ್ಚರಿಕೆ ಅಗತ್ಯ.

ಕರ್ನಾಟಕದೊಂದಿಗೆ ಹೋಲಿಕೆ

ಭಾರತದಲ್ಲಿ 1950ರಿಂದ ನಡೆದುಬಂದ ವನಮಹೋತ್ಸವ ಮತ್ತು 2001ರಲ್ಲಿ ಆರಂಭವಾದ ರಾಷ್ಟ್ರೀಯ ಹಸಿರು ಪಡೆಯ ಇಕೋ ಕ್ಲಬ್ಬುಗಳು ಶಾಲಾ ಆವರಣದ ಹಸಿರಿಗೆ ಆಧಾರವಾಗಿವೆ. ಕರ್ನಾಟಕದಲ್ಲಿ ಜೂನ್ ಮಳೆಯೊಂದಿಗೆ ಶಾಲೆ ತೆರೆಯುವುದರಿಂದ ನೆಡುವ ಕಾಲ ಶಾಲಾ ವರ್ಷಕ್ಕೆ ಹೊಂದುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳ ಬೇಸಿಗೆ ರಜೆಯ ಒಣ ಬಿಸಿಲಿನಲ್ಲಿ ಸಸಿಗಳಿಗೆ ನೀರುಣಿಸುವವರಿಲ್ಲದಿರುವುದು ಇಲ್ಲಿನ ತೊಡಕು. ಬೇರೆ ಬೇರೆ ಹವೆಯಾದರೂ ರಜೆಯ ಪಾಲನೆಯೇ ಎರಡೂ ಕಡೆ ಗೆಲುವು ಸೋಲುಗಳನ್ನು ನಿರ್ಧರಿಸುತ್ತದೆ.

ತತ್ತ್ವಗಳಲ್ಲಿಯೂ ಸಾಮ್ಯವಿದೆ. ಮೊನಾರ್ಕ್‌ನ ಕುಲಕ್ಕೇ ಸೇರಿದ ಡನಾಸ್ ಕ್ರೈಸಿಪ್ಪಸ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಕರ್ನಾಟಕದ ಬಯಲುಗಳಲ್ಲಿ ಸಾಮಾನ್ಯ. ಅದರ ಮರಿಹುಳು ಅಮೆರಿಕದ ಹಾಲುಗಿಡಗಳ ಬಂಧುವಾದ ಎಕ್ಕದ ಎಲೆಯನ್ನು ತಿಂದು ಬೆಳೆಯುತ್ತದೆ. ಕರಿಬೇವು ಮತ್ತು ನಿಂಬೆ ಗಿಡಗಳಲ್ಲಿ ಕಪ್ಪು ಬಣ್ಣದ ಬಾಲದ ಚಿಟ್ಟೆಗಳೂ ಈಶ್ವರಿ ಬಳ್ಳಿಯ ಮೇಲೆ ಕರ್ನಾಟಕದ ರಾಜ್ಯ ಚಿಟ್ಟೆಯೂ ಮೊಟ್ಟೆಯಿಡುತ್ತವೆ. ಲಂಟಾನ ಮತ್ತು ಪಾರ್ಥೇನಿಯಂ ಇಲ್ಲಿ ಕೀಳಬೇಕಾದ ಆಕ್ರಮಣಕಾರಿಗಳು. ಅತ್ತಿ, ಹೊಂಗೆ, ನೇರಳೆ, ನೆಲ್ಲಿ ಉಳಿಸಿ ಬೆಳೆಸಬೇಕಾದವು. ಬೇಲಿಯಂಚಿನ ಎಕ್ಕವನ್ನು ಕಳೆಯೆಂದು ಸವರಿ ಹಾಕದಿರುವುದು ಖರ್ಚಿಲ್ಲದೆ ಕೈಗೊಳ್ಳಬಹುದಾದ ಮೊದಲ ಕ್ರಮ.

ಸದ್ಯದ ಸ್ಥಿತಿ

ಷಿಕಾಗೊದಲ್ಲಿ 2014ರಿಂದ ಹೆಲ್ತಿ ಸ್ಕೂಲ್ಸ್ ಕ್ಯಾಂಪೇನ್ ಮತ್ತು ಓಪನ್‌ಲ್ಯಾಂಡ್ಸ್ ಸಂಸ್ಥೆಗಳ ನೇತೃತ್ವದಲ್ಲಿ ನಡೆಯುತ್ತಿರುವ ಸ್ಪೇಸ್ ಟು ಗ್ರೋ ಕಾರ್ಯಕ್ರಮ 30ಕ್ಕೂ ಹೆಚ್ಚು ಶಾಲೆಗಳ ಡಾಂಬರು ಅಂಗಳಗಳನ್ನು ಮಳೆನೀರು ತೋಟ, ಸ್ಥಳೀಯ ಗಿಡ ಮತ್ತು ಆಟದ ಜಾಗಗಳಾಗಿ ಬದಲಿಸಿದೆ. ನಗರದ ಶಾಲಾ ಇಲಾಖೆಯೊಂದಿಗೆ ಜಲ ನಿರ್ವಹಣಾ ಇಲಾಖೆ ಮತ್ತು ಮಹಾನಗರ ಜಲಶುದ್ಧೀಕರಣ ಜಿಲ್ಲೆಗಳು ವೆಚ್ಚವನ್ನು ಹಂಚಿಕೊಂಡಿರುವುದು ಇದರ ವಿಶೇಷ. ನೆರೆ ತಡೆಗೆ ಮೀಸಲಾದ ಹಣವೇ ಆವಾಸವನ್ನೂ ಕಟ್ಟುತ್ತದೆ. ಮಿಶಿಗನ್ನಿನಲ್ಲಿ 2007ರಲ್ಲಿ ಆರಂಭವಾದ ಗ್ರೇಟ್ ಲೇಕ್ಸ್ ಸ್ಟ್ಯುವರ್ಡ್‌ಷಿಪ್ ಇನಿಷಿಯೇಟಿವ್ ಶಾಲೆಗಳನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಜೋಡಿಸುತ್ತದೆ. ಅದರ ಆಗ್ನೇಯ ಭಾಗದ ಕೇಂದ್ರವು ಈಸ್ಟರ್ನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿದೆ. ರೂಜ್ ಶಿಕ್ಷಣ ಯೋಜನೆಯ ಜೊತೆಗೆ ಮಳೆನೀರು ತೋಟಗಳ ಪ್ರಸಾರವನ್ನೂ ಫ್ರೆಂಡ್ಸ್ ಆಫ್ ದ ರೂಜ್ ಕೈಗೊಂಡಿದೆ.

ಈ ಕಾರ್ಯದ ತುರ್ತು ಇತ್ತೀಚೆಗೆ ಹೆಚ್ಚಿದೆ. ಒಮ್ಮೆ ಷಿಕಾಗೊ ಪ್ರದೇಶದಲ್ಲಿಯೂ ಮಿಶಿಗನ್ನಿನಲ್ಲಿಯೂ ಹರಡಿದ್ದ ತುಕ್ಕುಮಚ್ಚೆಯ ಬಂಬಲ್ ಜೇನ್ನೊಣವನ್ನು 2017ರಲ್ಲಿ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. 2024ರ ಡಿಸೆಂಬರಿನಲ್ಲಿ ಅಮೆರಿಕದ ಮೀನು ಮತ್ತು ವನ್ಯಜೀವಿ ಸೇವಾ ಇಲಾಖೆ ಮೊನಾರ್ಕ್ ಚಿಟ್ಟೆಯನ್ನು ಅಪಾಯಕ್ಕೊಳಗಾದ ಜೀವಿ ಎಂದು ಘೋಷಿಸುವ ಪ್ರಸ್ತಾವವನ್ನು ಮುಂದಿಟ್ಟಿತು. ಇವೆರಡಕ್ಕೂ ಬೇಕಾಗಿರುವುದು ವಿಷ ಸಿಂಪಡಿಸದ, ಋತುವಿನುದ್ದಕ್ಕೂ ಹೂಬಿಡುವ ಚಿಕ್ಕ ಚಿಕ್ಕ ನೆಲೆಗಳು; ಅಂಥ ನೆಲ ಪ್ರತಿ ಬಡಾವಣೆಯ ಶಾಲೆಯಲ್ಲಿಯೂ ಈಗಾಗಲೇ ಸಾರ್ವಜನಿಕ ಒಡೆತನದಲ್ಲಿರುವುದರಿಂದ, ಹೊಸದಾಗಿ ಭೂಮಿಯನ್ನು ಕೊಳ್ಳದೆ, ಪಾಲನೆಯ ಹೊಣೆಯನ್ನು ಸ್ಥಿರಪಡಿಸಿಕೊಂಡಷ್ಟಕ್ಕೆ ಈ ಕಾರ್ಯ ವಿಸ್ತರಿಸಬಲ್ಲದು.